ದೂರಮ್ಮನ ಪಿಟೀಲು

ನೀರು ಸರಬರಾಜು ಕಚೇರಿಯಲ್ಲಿ ಹದಿನಾರು ವರ್ಷದಿಂದ ದೂರಿನ ಫೋನು ಎತ್ತುತ್ತಿದ್ದ ಆಕೆಯನ್ನು ಜೊತೆಯವರೆಲ್ಲ ದೂರಮ್ಮ ಎಂದೇ ಕರೆಯುತ್ತಿದ್ದರು. ದೂರು ಬರೆದುಕೊಳ್ಳುವ ಅಮ್ಮ ಎಂದು ಒಂದರ್ಥ, ಸದಾ ಏನನ್ನಾದರೂ ದೂರುವ ಅಮ್ಮ ಎಂದು ಇನ್ನೊಂದು. ಎರಡೂ ಸುಳ್ಳಲ್ಲ ಬಿಡಿ. ನಲ್ಲಿಯಲ್ಲಿ ಹನಿಯಿಲ್ಲ, ಬಂದ ನೀರು ಕೆಂಪಗಿದೆ, ಪೈಪು ಒಡೆದು ರಸ್ತೆ ಕೆರೆಯಾಗಿದೆ ಎಂದು ಊರಿನ ಸಿಟ್ಟನ್ನೆಲ್ಲ ಬೆಳಗಿನಿಂದ ಸಂಜೆಯವರೆಗೆ ಒಂದು ಕಿವಿಯಲ್ಲಿ ತುಂಬಿಕೊಳ್ಳುವವಳು ಇನ್ನೇನು ಮಾಡಿಯಾಳು? ಇನ್ನೊಂದು ಕಿವಿಯಲ್ಲಿ ಬಿಟ್ಟುಬಿಡೋಣವೆಂದರೆ ಅಲ್ಲಿ ಆ ಹಾಳು ಸಂಗೀತ ಬಂದು ಕೂತಿತ್ತು.

ಫೋನು ಮಾಡಿದವರನ್ನು ಕಾಯಲು ಹೇಳಿ ಪಂಪ್‌ಹೌಸಿನವರನ್ನು ವಿಚಾರಿಸಬೇಕಲ್ಲ, ಆ ಹೊತ್ತಿನಲ್ಲಿ ಜನಕ್ಕೆ ಬೇಸರವಾಗದಿರಲೆಂದು ಯಾರೋ ಪುಣ್ಯಾತ್ಮರು ಹೋದ ವರ್ಷ ಅರ್ಧ ನಿಮಿಷದ ಪಿಟೀಲನ್ನು ಯಂತ್ರಕ್ಕೆ ತುಂಬಿಸಿದ್ದರು. ಕಾಯುವವರಿಗೆ ಕೇಳಿಸುವುದು ಇವಳ ಕಿವಿಗೂ ಬೀಳುತ್ತಿತ್ತು. ನುಡಿಸಿದವರ ಕೈ ಚೆನ್ನಾಗಿತ್ತು. ತುಂಬಿಸಿದವರು ಮಾತ್ರ ಬಾಲ ಕತ್ತರಿಸಿಬಿಟ್ಟಿದ್ದರು. ಪ, ಮ, ಗ, ರಿ ಎಂದು ಮೆಟ್ಟಿಲಿಳಿದು ಬಂದು, ಇನ್ನೇನು ಸ ಎಂದು ನೆಲಕ್ಕೆ ಕಾಲೂರಬೇಕು, ಅಷ್ಟರಲ್ಲಿ ಟಕ್ಕನೆ ಮತ್ತೆ ಮೊದಲಿನಿಂದ ಶುರು. ಬಂದೆ ಬಂದೆ ಎಂದು ಬಾರದೆ ಹೋಗುವ ಸೀನಿನ ಹಾಗೆ, ದಿನಕ್ಕೆ ನೂರು ಸಲ. ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಪಕ್ಕದ ಮೇಜಿನವಳಿಗೆ ಹೇಳಿದರೆ, "ಯಾವ ಸ? ನಂಗೇನೂ ಕೇಳಿಸಲ್ಲಪ್ಪ" ಎಂದಳು. ಹೇಗೆ ಕೇಳಿಸೀತು? ಎಂಟನೇ ವಯಸ್ಸಿನಿಂದ ಹನ್ನೆರಡು ವರ್ಷ ಪಿಟೀಲು ಕಲಿತವಳು ಇವಳು, ಅವಳಲ್ಲ. ಕಮಾನು ಬಿಟ್ಟು ಇಪ್ಪತ್ತೆರಡು ವರ್ಷವಾಗಿದ್ದರೂ ಕಿವಿ ಬಿಡಬೇಕಲ್ಲ! ಕೊನೆಗೆ ತಡೆಯಲಾರದೆ, ಕಾಯುತ್ತಿದ್ದವರ ಫೋನನ್ನು ಮತ್ತೆ ಎತ್ತಿಕೊಂಡಾಗೆಲ್ಲ ತಾನೇ ಆ ಸ್ವರ ಸೇರಿಸತೊಡಗಿದಳು. "ಸಾ... ಹಾಂ, ಹೇಳಿ ಸರ್."

ಮೂರು ದಿನದಿಂದ ನೀರು ಕಾಣದ ಒಬ್ಬರು ಅವಳ ಆ "ಸಾ" ಮೇಲೆಯೇ ಒಂದು ದೂರು ಬರೆದು ಕಚೇರಿಗೆ ಕಳಿಸಿದರು. ಗುರುವಾರ ಮೇಲಧಿಕಾರಿಯ ಕೋಣೆಗೆ ಕರೆ ಬಂತು.

"ಏನಮ್ಮ ಇದು? ಜನ ನೀರಿಲ್ಲ ಅಂತ ಬಾಯಿ ಬಾಯಿ ಬಡ್ಕೋತಿದ್ರೆ ನೀವು ಹಾಡ್ತೀರಂತೆ?"

"ಹಾಡಲ್ಲ ಸರ್. ಒಂದೇ ಒಂದು ಸ್ವರ. ಅದು ಬರಬೇಕಾಗಿತ್ತು, ಬರಲಿಲ್ಲ."

"ನೀರೂ ಬರಬೇಕಾಗಿತ್ತು, ಬರಲಿಲ್ಲ. ಅದಕ್ಕೇನಂತೀರಿ?"

ಅವಳು ವಿವರಿಸಿದಳು. ಅವರು ಫೋನನ್ನು ಕಿವಿಗೆ ಹಿಡಿದು ಮೂರು ಸಲ ಕೇಳಿ, "ಚೆನ್ನಾಗೇ ಇದೆಯಲ್ರೀ" ಎಂದರು. "ಅಷ್ಟೊಂದು ಗೊತ್ತಿದ್ರೆ ನೀವೇ ನುಡಿಸಿ ತನ್ನಿ. ಸೋಮವಾರ ಹಾಕಿಸ್ತೀನಿ. ಆಗಲ್ಲ ಅಂದ್ರೆ ತಪ್ಪಾಯ್ತು ಅಂತ ಬರೆದುಕೊಟ್ಟು ಬಾಯಿ ಮುಚ್ಕೊಂಡಿರಿ."

"ತರ್ತೀನಿ ಸರ್. ಅರ್ಧ ನಿಮಿಷದ್ದು, ಅದೇನು ಮಹಾ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ತಾನು ಒಪ್ಪಿಕೊಂಡದ್ದೇನೆಂದು ಅವಳಿಗೆ ಹೊಳೆಯಿತು. ಇಷ್ಟು ವರ್ಷ ಅವಳು ತನ್ನ ಮನಸ್ಸಿನಲ್ಲಿ ಪಿಟೀಲು ಬಲ್ಲವಳಾಗಿಯೇ ಇದ್ದಳು, ಪುರುಸೊತ್ತಿಲ್ಲ ಅಷ್ಟೆ. ಈಗ ನುಡಿಸಲು ಬರದಿದ್ದರೆ ಆ ಭ್ರಮೆಯೂ ಹೋಗುತ್ತದೆ. ಕ್ಷಮೆ ಬರೆದುಕೊಡುವುದು ಅವಳಿಗೆ ದೊಡ್ಡದಲ್ಲ. ಇದು ದೊಡ್ಡದು.

ಬೀರುವಿನ ಮೇಲಿನಿಂದ ಇಳಿಸಿದ ಪೆಟ್ಟಿಗೆಯಲ್ಲಿ ಪಿಟೀಲಿನ ತಂತಿಗಳನ್ನು ಎತ್ತಿಹಿಡಿಯುವ ಕುದುರೆ ಬಿದ್ದು ಅವೆಲ್ಲ ಸಡಿಲವಾಗಿದ್ದವು, ಕಮಾನಿನ ಕೂದಲನ್ನು ಹುಳ ತಿಂದಿತ್ತು. ಶುಕ್ರವಾರ ಸಂಜೆ ವಾದ್ಯದಂಗಡಿಗೆ ಒಯ್ದಳು. ಅಂಗಡಿಯವನು ಹೊಸ ತಂತಿ ಬಿಗಿಯುತ್ತ, "ಮಗಳು ಕಲೀತಾಳಾ?" ಎಂದು ಕೇಳಿದ.

"ಹೂಂ, ಮಗಳು" ಎಂದಳು ದೂರಮ್ಮ. ಅವಳಿಗಿದ್ದವನು ಒಬ್ಬನೇ ಮಗ, ಹಾಸ್ಟೆಲಿನಲ್ಲಿದ್ದ. ಇಲ್ಲದ ಮಗಳ ಹೆಸರಲ್ಲಿ ಹೊಸ ಕಮಾನನ್ನೂ ಕೊಂಡು ತಂದಳು. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು.

ಶನಿವಾರ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಕಮಾನು ಎಳೆದಳು. ಅಯ್ಯೋ, ಅದನ್ನು ನಾದ ಎನ್ನುವುದೇ? ಬೆರಳು ಮ ಎಂದುಕೊಂಡು ಕೂತ ಜಾಗದಲ್ಲಿ ಮ ಇರಲಿಲ್ಲ. ಒಂದು ಕಾಲದಲ್ಲಿ ಗಟ್ಟಿಯಾಗಿದ್ದ ಬೆರಳತುದಿ ಈಗ ಹತ್ತಿಯ ಹಾಗಿತ್ತು, ತಂತಿ ಕೊಯ್ದಂತೆ ಉರಿಯುತ್ತಿತ್ತು. ಹೊರಗಿನಿಂದ ಅತ್ತೆಯ ಧ್ವನಿ ಬಂತು.

"ಯಾರ ಮನೆ ಬಾಗಿಲೇ ಅದು ಹಾಗೆ ಕಿರ್ರನ್ನೋದು? ಒಂದು ತೊಟ್ಟು ಎಣ್ಣೆ ಬಿಡಬಾರದಾ!"

ದೂರಮ್ಮನಿಗೆ ನಖಶಿಖಾಂತ ಉರಿದುಹೋಯಿತು. ಪಿಟೀಲು ಹಿಡಿದುಕೊಂಡೇ ನಡುಮನೆಗೆ ಬಂದು, "ಅನ್ನಿ, ಅನ್ನಿ! ನೀವೆಲ್ಲ ಸೇರಿ ತಾನೇ ನನ್ನ ಸಂಗೀತಾನ ಮೂಲೆಗೆ ಹಾಕಿಸಿದ್ದು?" ಎಂದು ಕೂಗಾಡಿದಳು.

ಕನ್ನಡಕದ ಅಂಗಡಿಯಿಂದ ಊಟಕ್ಕೆ ಬಂದಿದ್ದ ಗಂಡ ತುತ್ತು ಕೈಯಲ್ಲೇ ಹಿಡಿದು, "ನಾನ್ಯಾವತ್ತಾದ್ರೂ ಬೇಡ ಅಂದಿದ್ನೇನೇ?" ಎಂದ.

"ನಾನಂತೂ ನುಡಿಸು ನುಡಿಸು ಅಂತ ಎಷ್ಟು ಸಲ ಕೇಳಿದೀನಿ" ಎಂದರು ಅತ್ತೆ. "ನೀನು ಮಗು ಮಲಗಿದೆ ಅಂದೆ. ಆಮೇಲೆ ಮಗು ಎದ್ದಿದೆ ಅಂದೆ. ಕೈ ನೋವು ಅಂದೆ. ನಾನೂ ಕೇಳೋದು ಬಿಟ್ಟೆ."

ಅದು ನಿಜವೇ. ಯಾರೂ ಬೇಡವೆಂದಿರಲಿಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ಪರೀಕ್ಷೆಯೆಂದು ನಾಲ್ಕು ತಿಂಗಳು ಮುಟ್ಟಿರಲಿಲ್ಲ. ಮತ್ತೆ ಹಿಡಿದಾಗ ಕೈ ಕೆಟ್ಟಿತ್ತು, ಕೇಳಿ ಹೆದರಿ ಪೆಟ್ಟಿಗೆ ಮುಚ್ಚಿದಳು. ಎಷ್ಟು ಕೆಟ್ಟಿದೆಯೋ ಎಂಬ ಹೆದರಿಕೆ ವರ್ಷ ವರ್ಷಕ್ಕೂ ಹೆಚ್ಚಿತು, ಅಷ್ಟೆ. ಜಗಳ ಆಡಿದವಳಿಗೆ ಎದುರಾಳಿಯೂ ಇಲ್ಲವೆಂದರೆ ಎಂಥ ಸಂಕಟ ನೋಡಿ! ಅವಳು ಕೋಣೆಗೆ ಹೋಗಿ ಬಾಗಿಲು ಬಡಿದು ಮತ್ತೆ ಕಮಾನು ಹಿಡಿದಳು.

ಭಾನುವಾರ ಮೊಬೈಲು ಎದುರಿಗಿಟ್ಟುಕೊಂಡು ನಲವತ್ತಕ್ಕೂ ಹೆಚ್ಚು ಸಲ ನುಡಿಸಿದಳು. ಚೆನ್ನಾಗಿ ಬಂದ ಒಂದನ್ನು ಕುಕ್ಕರಿನ ಸೀಟಿ ಕೆಡಿಸಿತು, ಇನ್ನೊಂದನ್ನು ಗಂಡನ ಕೆಮ್ಮು. ಇಬ್ಬರಿಗೂ ಒಂದೇ ಉಸಿರಿನಲ್ಲಿ ಶಾಪ ಹಾಕಿದಳು. ಸಂಜೆಗೆ ಮುಂಚೆ ಒಂದು ಸಲ ಕಮಾನು ನಡುಗುತ್ತಲೇ, ರಿ ಒಂದು ಕೂದಲೆಳೆ ತಗ್ಗಿ, ಕುಂಟುತ್ತ ಸ ತಲುಪಿತು. ಅವಳಿಗೆ ಸಂತೋಷವಾಯಿತು. ಮತ್ತೆ ಹಾಕಿ ಕೇಳಿದಾಗ ನಾಚಿಕೆಯೂ ಆಯಿತು. ಆದರೂ ಅದನ್ನೇ ಒಯ್ದಳು.

ಮೇಲಧಿಕಾರಿ ಮಾತಿಗೆ ತಪ್ಪುವವರಲ್ಲ. ಸೋಮವಾರ ಹನ್ನೊಂದಕ್ಕೆಲ್ಲ ಅದನ್ನು ಯಂತ್ರಕ್ಕೆ ಹಾಕಿಸಿದರು. ಮಧ್ಯಾಹ್ನದವರೆಗೆ ಯಾರೂ ಏನೂ ಅನ್ನಲಿಲ್ಲ. ಹೊಗಳದಿದ್ದರೆ ಹೋಗಲಿ, ಬೈಯಲೂ ಇಲ್ಲವಲ್ಲ ಎಂದು ಅವಳಿಗೆ ಅದೂ ಒಂದು ಕಿರಿಕಿರಿ. ಊಟದ ನಂತರ ಬಂದ ಮೊದಲ ಫೋನಿನಲ್ಲಿ ವಯಸ್ಸಾದ ಗಂಡಸಿನ ಧ್ವನಿ ಇತ್ತು. ಅವರನ್ನು ಎರಡು ನಿಮಿಷ ಕಾಯಿಸಿ, ವಿಚಾರಿಸಿ, ಮರಳಿ ಬಂದಳು.

"ನಾಳೆ ಬೆಳಿಗ್ಗೆ ನೀರು ಬಿಡ್ತಾರೆ ಸರ್."

"ಅದಿರಲಿ. ಪಿಟೀಲು ಬದಲಾಯಿಸಿದೀರಲ್ಲ, ಯಾಕೆ? ಮೊದಲಿನದೇ ಎಷ್ಟೋ ವಾಸಿ. ಕಮಾನು ಗಡಗಡ ನಡುಗುತ್ತೆ. ರಿ ಇಳಿದುಬಿಟ್ಟಿದೆ."

ದೂರಮ್ಮನ ಕಿವಿ ಬಿಸಿಯಾಯಿತು. "ಕೊನೇಲಿ ಸ ಬಂತಲ್ಲ ಸರ್?"

"ಬಂತಮ್ಮ. ಬಿದ್ದೂ ಎದ್ದೂ ಬಂತು. ಯಾರೋ ಈಗ ಕಲೀತಾ ಇರೋರು ಅನ್ಸುತ್ತೆ. ಅಂಥವರ ಕೈಲಿ ಯಾಕೆ ಕುಯ್ಯಿಸ್ತೀರಿ? ದೂರು ಬರ್ಕೊಳ್ಳಿ."

ಕೈ ತಾನಾಗಿಯೇ ಪೆನ್ನು ಎತ್ತಿಕೊಂಡಿತ್ತು. ಕಮಾನು ನಡುಗುತ್ತದೆ, ರಿ ಇಳಿದಿದೆ ಎಂದು ಅವಳು ಬರೆದಳು. ಬರೆಯುವಾಗ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರು ಹೇಳಿದ ಎರಡೂ ನಿಜವಾಗಿದ್ದವು.

"ಬರ್ಕೊಂಡೆ ಸರ್."

"ಎಷ್ಟು ದಿನಕ್ಕೆ ಸರಿಹೋಗುತ್ತೆ?"

"ಕಮಾನು ಆರು ತಿಂಗಳಿಗೆ ನಿಲ್ಲಬಹುದು" ಎಂದಳು ದೂರಮ್ಮ. "ರಿಗೆ ಒಂದು ವರ್ಷ ಕೊಡಿ ಸರ್. ದಿನಾ ಬೆಳಿಗ್ಗೆ ಕೂತ್ಕೋತೀನಿ."