ಖಾಲಿ ಗಾಜಿನ ಜೀವಕೋಶಗಳು

ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಲೋಹ ಪರೀಕ್ಷಿಸುವುದು ನನ್ನ ಕೆಲಸ. ಉಕ್ಕಿನ ತುಂಡನ್ನು ಉಜ್ಜಿ, ಆಮ್ಲ ಸವರಿ, ಮೈಕ್ರೋಸ್ಕೋಪಿನಡಿ ಇಟ್ಟರೆ ಒಳಗಿನ ಹರಳುಗಳು ಕಾಣುತ್ತವೆ. ಒಂದಕ್ಕೊಂದು ಒತ್ತಿಕೊಂಡೇ ಇರುತ್ತವೆ, ನಡುವೆ ಖಾಲಿ ಜಾಗವೆಂಬುದೇ ಇಲ್ಲ. ಅವುಗಳ ಗಡಿ ಗುರುತಿಸಿ ಎಣಿಸುವ ಸಾಫ್ಟ್‌ವೇರ್ ನಮ್ಮಲ್ಲಿದೆ. ಅದನ್ನು ಹೊಗಳತೊಡಗಿದರೆ ನನಗೆ ಊಟದ ನೆನಪೂ ಇರುವುದಿಲ್ಲ.

ಮಗಳು ವಿಜಯವಾಡದಲ್ಲಿ ಎಂ.ಎಸ್ಸಿ. ಓದುತ್ತಾಳೆ. ಗಾಜಿನ ಮೇಲೆ ಬೆಳೆಸಿದ ಜೀವಕೋಶಗಳಿಗೆ ಔಷಧಿ ಹಾಕಿ, ಎಷ್ಟು ಉಳಿದವೆಂದು ಫೋಟೋದಲ್ಲಿ ಎಣಿಸುವುದು ಅವಳ ಪ್ರಾಜೆಕ್ಟು. ಅದು ಚೆನ್ನಾಗಿ ಬಂದರೆ ಅಲ್ಲಿನ ಮೇಡಂ ಬಳಿಯೇ ಪಿಎಚ್.ಡಿ. ಮಾಡುವ ಆಸೆ. ರಜೆಗೆ ಬಂದಾಗ, ಜೀವಕೋಶಗಳಿಗೆಂದೇ ಮಾಡಿದ ಸಾಫ್ಟ್‌ವೇರ್ ಒಂದನ್ನು ತೋರಿಸಿದಳು. ಯಾವುದು ಕೋಶ, ಯಾವುದು ಖಾಲಿ ಎಂದು ಕೆಲವು ಫೋಟೋಗಳ ಮೇಲೆ ನಾವೇ ಬಣ್ಣ ಬಳಿದು ಅದಕ್ಕೆ ಕಲಿಸಬೇಕಂತೆ.

ಧಾರವಾಡ ಬಿಟ್ಟರೂ ನನ್ನ ನಾಲಿಗೆ ಧಾರವಾಡ ಬಿಟ್ಟಿಲ್ಲ. “ಬಣ್ಣಾ ಬಳ್ಕೋತ ಕೂಡ್ತೀಯೇನ? ನಮ್ಮದು ತಗೋ. ಒಂದ್ ಗುಂಡಿ ಒತ್ತಿದ್ರ ಮುಗೀತು” ಎಂದೆ.

“ಅಪ್ಪಾ, ಇವು ಸೆಲ್ಸ್. ಸ್ಟೀಲ್ ಅಲ್ಲ ಕದಾ?” ಅವಳ ಕನ್ನಡದಲ್ಲಿ ‘ಅಲ್ಲವಾ’ ಎನ್ನುವ ಕಡೆ ತೆಲುಗು ನುಸುಳುತ್ತದೆ.

“ಫೋಟೋ ಅಂದ್ರ ಫೋಟೋ. ನನಗ ಕಲಸಾಕ ಬರಬ್ಯಾಡ.”

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಮ್ಮಂಥದ್ದೇ ಸಾಫ್ಟ್‌ವೇರ್ ಅವಳ ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. ಅಂಕಿ ಬಂದರೆ ಸಾಕು, ಫೋಟೋ ಒಂದೊಂದೇ ತೆರೆದು ನೋಡುತ್ತ ಕೂರಬೇಡ ಎಂದೂ ಉಪದೇಶ ಮಾಡಿದೆ.

ಕಳೆದ ತಿಂಗಳು ಅವಳು ಪ್ರಾಜೆಕ್ಟು ಒಪ್ಪಿಸುವ ದಿನ ನಾನೂ ಹೋದೆ. ಮುಗಿದ ಮೇಲೆ ಹಂಚಲೆಂದು ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ ಸಿಹಿ ಕೊಂಡಿದ್ದೆ. ನಾನೂ ಮೈಕ್ರೋಸ್ಕೋಪಿನವನೇ ಎಂದು ಮೇಡಂ ಹತ್ತಿರ ಕೊಚ್ಚಿಕೊಂಡೆ. “ರಂಡಿ ಸಾರ್, ಕೂರ್ಚೋಂಡಿ” ಎಂದು ತೆಲುಗಿನಲ್ಲಿ ಮರ್ಯಾದೆಯಿಂದ ಬರಮಾಡಿಕೊಂಡು ಹಿಂದಿನ ಬೆಂಚಿನಲ್ಲಿ ಕೂರಿಸಿದರು.

ಔಷಧಿಯಿಂದ ಏನೂ ಆಗಿಲ್ಲ, ಕೋಶಗಳು ಅಷ್ಟೇ ಇವೆ ಎಂದು ಮಗಳು ಹೇಳಿದಳು. ಮೇಡಂ ಫೋಟೋ ತೆರೆಸಿದರು. ಅರ್ಧಕ್ಕರ್ಧ ಕೋಶಗಳು ಸತ್ತು ಬರೀ ಗಾಜು ಉಳಿದಿತ್ತು. ಉಕ್ಕಿಗೆಂದು ಮಾಡಿದ ಸಾಫ್ಟ್‌ವೇರಿಗೆ ಖಾಲಿ ಜಾಗ ಏನು ಗೊತ್ತು? ಗಾಜಿನ ಮೇಲೂ ಗೆರೆ ಎಳೆದು, ಅಲ್ಲೆಲ್ಲ ಕೋಶಗಳಿವೆ ಎಂದು ಎಣಿಸಿತ್ತು. ಯಾರೋ ನಕ್ಕರು.

“ಈ ಸಾಫ್ಟ್‌ವೇರ್ ಯಾರು ಆರಿಸಿದ್ದು?” ಮೇಡಂ ತೆಲುಗಿನಲ್ಲಿ ಕೇಳಿದರು.

“ನಾನೇ ಮೇಡಂ” ಎಂದಳು ಮಗಳು.

ಎದ್ದು ನಿಲ್ಲಬೇಕಿತ್ತು. ಸಿಹಿಯ ಡಬ್ಬಿಯನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು ಕೂತೇ ಇದ್ದೆ.

ಎಲ್ಲ ಮೊದಲಿಂದ ಮಾಡು, ಪಿಎಚ್.ಡಿ. ಮಾತು ಆಮೇಲೆ ನೋಡೋಣ ಎಂದರು ಮೇಡಂ. ನಂತರ ನನ್ನತ್ತ ಗೌರವದಿಂದ ನೋಡಿ ಅವಳಿಗೆ ಹೇಳಿದರು, “ಮನೆಯಲ್ಲೇ ತಿಳಿದವರಿದ್ದಾರೆ. ತಂದೆಯವರನ್ನು ಒಂದು ಮಾತು ಕೇಳಬಾರದಿತ್ತಾ?”

ಮಗಳು ನನ್ನ ಕಡೆ ತಿರುಗಲಿಲ್ಲ. “ಕೇಳಬೇಕಿತ್ತು ಮೇಡಂ” ಎಂದಳು.

ನಾನು ಹೌದೆನ್ನುವಂತೆ ತಲೆಯಾಡಿಸಿದೆ.