ಅಂಗೈಯಗಲದ ಗಾರ್ಡ್ ಡಬ್ಬಿ

ಊರಿನ ಅರ್ಧ ಜನರ ನಗು ಅವನ ಕೈಯಿಂದಲೇ ಬಂದದ್ದು. ಹಾಗೆಂದು ಅವನೇನೂ ಹಾಸ್ಯಗಾರನಲ್ಲ, ಹಲ್ಲುಸೆಟ್ಟು ಮಾಡುವವನು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇವನು ಒಂಟಿ ಕಿಟಕಿಯ ಲ್ಯಾಬಿನಲ್ಲಿ ಕೂತು, ಗುಲಾಬಿ ಬಣ್ಣದ ಒಸಡನ್ನು ತಾನೇ ಎರೆದು, ಕಂಪನಿಯಿಂದ ಬಂದ ಹಲ್ಲುಗಳನ್ನು ಒಂದೊಂದಾಗಿ ಉಜ್ಜಿ ಅದರಲ್ಲಿ ಕೂರಿಸುತ್ತಿದ್ದ. ಕಂಪನಿಯವರು ಹಲ್ಲು ಮಾಡುವುದು ಯಾವುದೋ ಒಂದು ಬಾಯಿಗೆ. ಆ ಬಾಯಿಯ ಮನುಷ್ಯ ಇನ್ನೂ ಭೂಮಿಯ ಮೇಲೆ ಹುಟ್ಟಿಲ್ಲ. ಹುಟ್ಟಿರುವವರ ಬಾಯಿಗೆಲ್ಲ ಇವನೇ ಅದನ್ನು ಹೊಂದಿಸಬೇಕು. ಇಷ್ಟು ವರ್ಷ ಉಜ್ಜಿದ ಪುಡಿಯನ್ನು ಕೂಡಿಟ್ಟಿದ್ದರೆ ಊರ ಹೊರಗೊಂದು ಬಿಳಿ ಗುಡ್ಡ ನಿಂತು, ಜನ ಅದರ ಮೇಲೆ ಗಾಳಿ ಸೇವನೆಗೆ ಹೋಗುತ್ತಿದ್ದರು. ಕೂಡಿಡಲಿಲ್ಲ. ಹೆಚ್ಚಿನದು ಅವನ ಮೂಗಿಗೇ ಹೋಯಿತು.

ಸಂಜೆ ಮನೆಗೆ ನಡೆದು ಬರುವಾಗ ಅವನ ಬಲಭುಜ ಅವನಿಗಿಂತ ಒಂದು ಬೀದಿ ಹಿಂದೆ ಬರುತ್ತಿತ್ತು. ಮಹಡಿಯ ಮೇಲಿನ ಕೋಣೆ ಅವನದು. ಕೆಳಗೆ ಅಣ್ಣ, ಅತ್ತಿಗೆ.

ಅಣ್ಣ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವನು. ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬನೇ ಕೂತು ಆಯುಷ್ಯ ಸವೆಸಿದವನು. ಅವನ ಗಾಡಿ ಎಷ್ಟು ಉದ್ದವೆಂದರೆ ಎಂಜಿನ್ ಡ್ರೈವರ್ ಮುಂದಿನ ಊರಿನಲ್ಲಿ ಉಂಡು ಕೈತೊಳೆಯುವ ಹೊತ್ತಿಗೆ ಇವನು ಹಿಂದಿನ ಊರಿನಲ್ಲಿ ಇನ್ನೂ ಬುತ್ತಿ ಬಿಚ್ಚುತ್ತಿದ್ದ. ಈಗ ಕಣ್ಣು ಪೂರ್ತಿ ಮಂಜಾಗಿ, ಬೆಳಕು ಯಾವ ಕಡೆಗಿದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಬಾಯಿ ಮಾತ್ರ ಚುರುಕಾಗಿತ್ತು. ಆ ಬಾಯೊಳಗಿನ ಹಲ್ಲು ತಮ್ಮನೇ ಮಾಡಿಕೊಟ್ಟದ್ದು. ಹಾಕಿದ ದಿನದಿಂದ ಅಣ್ಣನದು ಒಂದೇ ರಾಗ.

"ಇವು ನನ್ನ ಹಲ್ಲಲ್ಲ ಕಣೋ. ಬೇರೆ ಯಾರದ್ದೋ ತಂದು ತುರುಕಿದೀಯ."

ತಮ್ಮ ಅದನ್ನು ಎಷ್ಟು ಸಲ ಉಜ್ಜಿಕೊಟ್ಟಿದ್ದನೆಂದರೆ, ಇನ್ನೆರಡು ಸಲ ಉಜ್ಜಿದರೆ ಹಲ್ಲಿಗೆ ಬದಲು ಅದರ ನೆನಪನ್ನಷ್ಟೇ ಬಾಯಿಗಿಡಬೇಕಿತ್ತು.

ಈಚೆಗೆ ಅಣ್ಣ ಗೋಡೆ ಕಡೆ ತಿರುಗಿ ಮಲಗುವುದನ್ನು ಕಲಿತ. ಬೈಯುವುದೂ ಕಡಿಮೆಯಾಯಿತು. ಅತ್ತಿಗೆ ಹೆದರಿದ್ದು ಅದಕ್ಕೇ. ಒಂದು ಮಧ್ಯಾಹ್ನ ಅವನು ಗೋಡೆಗೇ ಹೇಳಿದ:

"ನನ್ನ ಡಬ್ಬೀನ ಇನ್ನೊಂದ್ಸಲ ಮುಟ್ಟಬೇಕಿತ್ತು. ಗುಜರಿಗೆ ಹಾಕಿಬಿಟ್ರು."

"ನಾನು ಮಾಡಿಕೊಡ್ತೀನಿ ಬಿಡಣ್ಣ, ಅಂಗೈಯಗಲದ್ದು," ಎಂದುಬಿಟ್ಟ ತಮ್ಮ. ಊರವರ ಬಾಯಿ ನೋಡಿಕೊಳ್ಳುವವನಿಗೆ ತನ್ನ ಬಾಯಿ ಮುಚ್ಚಿಕೊಳ್ಳಲು ಬರಲಿಲ್ಲ.

ಅಂಥ ಡಬ್ಬಿ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಆಟದ ರೈಲಿನ ಅಂಗಡಿಯವನ ಹತ್ತಿರ ಚಕ್ರ, ಡಿಕ್ಕಿ ತಡೆಯುವ ಬಫರು, ಸ್ಪ್ರಿಂಗಿನ ಜೋಡಿ, ಮೆಟ್ಟಿಲು, ಕಂಬಿಪಟ್ಟಿ ಎಲ್ಲ ಬಿಡಿಬಿಡಿಯಾಗಿ ಪೊಟ್ಟಣದಲ್ಲಿದ್ದವು. ಎಲ್ಲವೂ ಬೇರೆ ಯಾವುದೋ ವ್ಯಾಗನ್ನಿಗೆ ಮಾಡಿದವು. ತಮ್ಮ ಬೇಸರದಿಂದ ನಕ್ಕ. ಇಲ್ಲಿಯೂ ಅದೇ ಕತೆ, ಹುಟ್ಟದವನ ಹಲ್ಲು.

ಅಳತೆಗೆ ನಕ್ಷೆಯೂ ಇರಲಿಲ್ಲ. ಇದ್ದದ್ದು ಅಣ್ಣನ ಮೈ. ಹತ್ತುವಾಗ ಹಿಡಿಯುವ ಕಂಬಿ ಎದೆಮಟ್ಟ, ಮೆಟ್ಟಿಲು ಮೊಣಕಾಲಿನ ಮಟ್ಟ, ಬಾಗಿಲು ಎರಡು ಭುಜ ತಾಗುವಷ್ಟು. ತಮ್ಮ ಟೇಪು ಹಿಡಿದು ಮಲಗಿದ್ದವನ ಮೈ ಅಳೆದ.

"ಅಳೀತಿರೋದು ಡಬ್ಬಿಗೋ, ನನ್ನ ಹೆಣದ ಪೆಟ್ಟಿಗೆಗೋ?"

"ಸುಮ್ನಿರಣ್ಣ, ಭುಜ ಅಲ್ಲಾಡಿಸ್ಬೇಡ."

"ಎರಡಕ್ಕೂ ಒಂದೇ ಅಳತೆ ಆದ್ರೆ ಒಂದನ್ನೇ ಮಾಡು, ಖರ್ಚು ಉಳಿಯುತ್ತೆ."

ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಗೋಡೆ ನಿಲ್ಲಿಸಿದ್ದು ಸುಲಭದ ಕೆಲಸ. ಕೊಂಡ ಸ್ಪ್ರಿಂಗಿನ ಜೋಡಿಯನ್ನು ಅಡಿಗೆ ಹಚ್ಚಿ ನೋಡಿದರೆ ಡಬ್ಬಿ ಹಿಮ್ಮಡಿ ಎತ್ತಿ ನಿಂತಂತೆ ಕಂಡಿತು, ಪೊಟ್ಟಣದವು ಎತ್ತರ. ಅವನ್ನು ಉಜ್ಜಿದರೆ ಸ್ಪ್ರಿಂಗಿನ ಪಟ್ಟಿಗಳೇ ಮಾಯವಾಗುತ್ತವೆ. ಹಾಗಾಗಿ ತನ್ನ ಡಬ್ಬಿಯ ತಳವನ್ನೇ ಕೊರೆದು ಅವನ್ನು ಒಳಗೆ ಇಳಿಸಿದ. ಚಕ್ರದ ಅಚ್ಚು ತಿರುಗುವ ಪುಟ್ಟ ಹಿತ್ತಾಳೆ ಬಟ್ಟಲಿಗೆ ಅಂಟು ಹರಿದು ಒಂದು ಚಕ್ರ ಕಚ್ಚಿಕೊಂಡಿತು. ಬಿಡಿಸಲು ಒಂದು ವಾರದ ಸಂಜೆಗಳೆಲ್ಲ ಹೋದವು. ಕಣ್ಣು ಉರಿಯುತ್ತಿತ್ತು. ಹಗಲಿಡೀ ಉಜ್ಜುವುದು, ಮನೆಗೆ ಬಂದು ಮತ್ತೆ ಉಜ್ಜುವುದು.

"ನೋಡಿಕೊಂಡು ಅಂಟಿಸಪ್ಪ ಮೈದುನ," ಅಂದಳು ಅತ್ತಿಗೆ, ಚಹದ ಲೋಟ ಇಡುತ್ತ. "ನಾಳೆ ಯಾರೋ ಪಾಪ ಹಲ್ಲಿನ ಬದಲು ಚಕ್ರ ಕಚ್ಚಿಕೊಂಡು ಬೀದೀಲಿ ಓಡಾಡಿಯಾರು."

ಅವನಿಗೆ ನಗಲೂ ತ್ರಾಣವಿರಲಿಲ್ಲ. ಒಂದೇ ಒಂದು ಆಸೆ ಅವನನ್ನು ಮೇಜಿಗೆ ಕಟ್ಟಿಹಾಕಿತ್ತು. ತಾನು ಕೊಟ್ಟದ್ದನ್ನು ಅಣ್ಣ ಒಂದು ಸಲ, ಒಂದೇ ಸಲ, "ಇದು ನಂದು" ಅನ್ನಬೇಕು.

ಬಣ್ಣ ಒಣಗಿದ ಮೇಲೆ ಕೆಳಗೊಯ್ದು ಅಣ್ಣನ ಅಂಗೈಯಲ್ಲಿಟ್ಟ. ಅಣ್ಣನ ಬೆರಳು ಸೂರಿನ ಮೇಲೆ ಹರಿಯಿತು, ಬಾಗಿಲಿಗೆ ಬಂತು, ಬಾಗಿಲ ಪಕ್ಕದಲ್ಲಿ ತಡಕಾಡಿ ನಿಂತಿತು.

"ಕಂಬಿ ಎಲ್ಲೋ?"

"ಅಲ್ಲೇ ಇದೆ ನೋಡು, ನಿನ್ನ ಬೆರಳ ಕೆಳಗೇ."

"ಇದು ಗೀಟು. ಗೀಟು ಹಿಡಿದು ಹತ್ತಿದ್ದಿದ್ರೆ ನಿಮ್ಮತ್ತಿಗೆ ಎಂದೋ ನನ್ನ ಪಿಂಚಣಿ ತಗೋತಿದ್ಲು. ನಂದಲ್ಲ ಇದು."

ನಿಜವೇ. ಅಂಗಡಿಯ ಕಂಬಿಪಟ್ಟಿ ಕಣ್ಣಿಗೆ ಮಾಡಿದ್ದು, ಬೆರಳಿಗಲ್ಲ. ಗೋಡೆಗೆ ಅಂಟಿದ ಉಬ್ಬುಗೆರೆ ಅಷ್ಟೇ. ಕುರುಡನ ಕೈಗೆ ಕಣ್ಣಿನ ಕಂಬಿ ಕೊಟ್ಟಿದ್ದ. ತಮ್ಮ ಡಬ್ಬಿ ಎತ್ತಿಕೊಂಡು ಮಹಡಿ ಹತ್ತಿದ. ಆ ಮೆಟ್ಟಿಲುಗಳು ಅಂದು ಮೊದಲಿಗಿಂತ ಮೂರು ಪಾಲು ಜಾಸ್ತಿಯಾಗಿದ್ದವು.

ಉಬ್ಬುಗೆರೆಗಳನ್ನು ಕೆರೆದು ತೆಗೆದ. ಹಲ್ಲು ಕೊರೆಯುವ ಅತಿ ಸಣ್ಣ ಮೊನೆಯಿಂದ ತೂತು ಕೊರೆದು, ಹಲ್ಲುಸೆಟ್ಟಿಗೆ ಕೊಕ್ಕೆ ಮಾಡುವ ತಂತಿಯನ್ನು ಬಗ್ಗಿಸಿ, ಉಗುರು ಹಿಂದೆ ತೂರುವಷ್ಟು ಸಂದು ಬಿಟ್ಟು ಕೂರಿಸಿದ. ಮೆಟ್ಟಿಲುಗಳನ್ನೂ ಕಿತ್ತು ಮತ್ತೆ ಹಾಕಿದ. ಅವು ಸೀಸದಂಥ ಮೆತ್ತನೆ ಲೋಹದವು. ಕೆಳಗಿನದು ಪೊಟ್ಟಣದಲ್ಲೇ ಸೊಟ್ಟಗೆ ಬಂದಿತ್ತು. ಮೊದಲ ಸಲವೇ ಅದನ್ನು ಚಪ್ಪಟೆ ಇಕ್ಕಳದಲ್ಲಿ ಹಿಡಿದು, ಮುರಿಯದ ಹಾಗೆ ಕೂದಲೆಳೆಯಷ್ಟಷ್ಟೇ ತಿದ್ದಿ ನೆಟ್ಟಗೆ ಮಾಡಿದ್ದ. ಈ ಸಲ ಬರೀ ಅಂಟನ್ನು ನಂಬದೆ ತಂತಿಯ ಮೊಳೆ ಹಾಕಿ ತಳಕ್ಕೆ ಬಿಗಿದ.

ಮತ್ತೆ ಅಣ್ಣನ ಅಂಗೈ. ಬೆರಳು ಕಂಬಿಯ ಹಿಂದೆ ತೂರಿತು. ಅಲ್ಲೇ ಸ್ವಲ್ಪ ಹೊತ್ತು ಉಳಿಯಿತು. ಅತ್ತಿಗೆ ಬಾಗಿಲಲ್ಲಿ ಸೌಟು ಹಿಡಿದೇ ನಿಂತಿದ್ದಳು. ಬೆರಳು ಕೆಳಗಿಳಿದು ಮೊದಲ ಮೆಟ್ಟಿಲು, ಆಮೇಲೆ ಎರಡನೆಯದು ಮುಟ್ಟಿತು. ಹುಬ್ಬು ಗಂಟಾಯಿತು.

"ನಂದಲ್ಲ."

ತಮ್ಮ ಗೋಡೆಗೊರಗಿದ. ಸಿಟ್ಟು ಬರಲಿಲ್ಲ, ಸಿಟ್ಟಿಗೂ ಭುಜ ಗಟ್ಟಿ ಇರಬೇಕು. "ಆಯ್ತಣ್ಣ. ಇನ್ನು ನನ್ನ ಕೈಲಾಗಲ್ಲ."

"ಕೆಳಗಿನ ಮೆಟ್ಟಿಲು ನೆಟ್ಟಗಿದೆಯಲ್ಲೋ. ನಂದು ಯಾವುದೋ ಯಾರ್ಡಲ್ಲಿ ಕಲ್ಲಿಗೆ ತಾಗಿ ಬಗ್ಗಿತ್ತು. ಹೇಳಿ ಹೇಳಿ ಸಾಕಾಯ್ತು, ಒಬ್ಬನೂ ತಿದ್ದಲಿಲ್ಲ. ಕೊನೆಗೆ ನನ್ನ ಕಾಲೇ ಸೊಟ್ಟ ಇಡೋದು ಕಲೀತು. ಈಗ್ಲೂ ಮನೆ ಹೊಸಿಲಿಗೂ ಹಾಗೇ ಇಡ್ತೀನಿ, ಕೇಳು ಅವಳನ್ನ."

"ಹೂಂ, ದಿನಾ ಎಡವೋದು ಅದಕ್ಕೇ," ಅಂದಳು ಅತ್ತಿಗೆ.

ತಮ್ಮ ಇಕ್ಕಳ ತರಲು ಏಳುವಷ್ಟರಲ್ಲಿ ಅಣ್ಣ ಮೆಟ್ಟಿಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿಯೇಬಿಟ್ಟ. ಕಿರ್ ಎಂದಿತು. ತಮ್ಮ ಕಣ್ಣು ಮುಚ್ಚಿಕೊಂಡ. ಮೊಳೆ ಹಿಡಿದುಕೊಂಡಿತು, ಮೆಟ್ಟಿಲು ಪೊಟ್ಟಣದಿಂದ ಬಂದಾಗ ಹೇಗಿತ್ತೋ ಹಾಗೇ ಸೊಟ್ಟಗಾಯಿತು.

ಅಣ್ಣ ಅದರ ಮೇಲೆ ಬೆರಳತುದಿಯನ್ನು ಓರೆಯಾಗಿ ಇಟ್ಟ, ಕಾಲಿಡುವಂತೆ. ಇನ್ನೊಂದು ಕೈಯ ಉಗುರನ್ನು ಕಂಬಿಗೆ ಸಿಕ್ಕಿಸಿದ.

"ಇದು ನಂದು," ಅಂದ.

ಅತ್ತಿಗೆ ಸೌಟಿನ ಸಮೇತ ಒಳಗೆ ಹೋದಳು. ತಮ್ಮನಿಗೆ ಹಿಗ್ಗಬೇಕೆಂದು ತೋಚಿತು, ಆದರೆ ಮಂಚದ ತುದಿಯಲ್ಲಿ ಕೂರುವುದೊಂದೇ ಸಾಧ್ಯವಾಯಿತು. ಕೂತ.

"ಲೋ," ಅಂದ ಅಣ್ಣ, ಡಬ್ಬಿಯನ್ನು ಎದೆಯ ಮೇಲೆ ನಿಲ್ಲಿಸಿಕೊಂಡು. "ನನ್ನ ಹಲ್ಲು ಮುಂಚೆ ಹೇಗಿತ್ತು, ನೆನಪಿದೆಯಾ? ಮುಂದಿನದೊಂದು ಪಕ್ಕದ್ದರ ಮೇಲೆ ಹತ್ತಿ ಕೂತಿತ್ತು. ನೀನು ಎಲ್ಲಾ ಸಾಲಾಗಿ ನಿಲ್ಲಿಸಿದೀಯ, ಶಾಲೆ ಮಕ್ಕಳ ಹಾಗೆ."

ತಮ್ಮ ಅವನ ಮುಖ ನೋಡಿದ. ಆಮೇಲೆ ಒಂದು ನಿಟ್ಟುಸಿರು ಬಿಟ್ಟು, ನೋಯುವ ಭುಜವನ್ನು ಎಡಗೈಯಿಂದ ಒತ್ತಿಕೊಳ್ಳುತ್ತ, ಬಲ ಅಂಗೈಯನ್ನು ಅಣ್ಣನ ಗದ್ದದ ಕೆಳಗೆ ಚಾಚಿದ.

"ತೆಗಿ. ಕೊಡಿಲ್ಲಿ."