ನೀರು ನಿನ್ನೆಯಷ್ಟೇ

2008ರ ಮಳೆಗಾಲದಲ್ಲಿ ನಾನು ಜಮಖಂಡಿಯ ಒಂದು ಸರಕಾರಿ ಕಚೇರಿಯಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಪ್ರೋಗ್ರಾಮರ್ ಆಗಿದ್ದೆ. ಬನಹಟ್ಟಿಯ ನೇಕಾರರ ಮನೆಯ ಮಗಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಪ್ರೋಗ್ರಾಮರ್ ಎಂಬುದು ಹೆಸರಿಗೆ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದೂ ನನ್ನದೇ ಕೆಲಸ. ಹಾಗಾಗಿ ಹೊಳೆಯ ನೀರಿನ ಕೆಲಸ ನನ್ನ ಪಾಲಿಗೆ ಬಂದಾಗ ಸ್ವಲ್ಪ ಜಂಬವೇ ಬಂದಿತ್ತು.

ಮೇಲಿನ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟಿದ್ದಾರೆ ಎಂಬ ಅಂಕಿ ದಿನಾ ಬೆಳಿಗ್ಗೆ ಒಂದು ವೆಬ್ ಪುಟದಲ್ಲಿ ಬರುತ್ತಿತ್ತು. ಅದನ್ನು ಹಿಪ್ಪರಗಿ ಬ್ಯಾರೇಜಿನ ಆಸುಪಾಸಿನ ಹದಿನಾಲ್ಕು ಊರುಗಳಿಗೆ, ಊರಿಗೊಬ್ಬರಂತೆ, ಎಸ್ಸೆಮ್ಮೆಸ್ ಕಳಿಸಬೇಕು. ವೆಬ್ ಪುಟದ ಒಳಗೆ ಬರೀ ಪಠ್ಯ ಇರುವುದಿಲ್ಲ. ಇದು ದಪ್ಪಕ್ಷರ, ಇದು ಕೋಷ್ಟಕದ ಮನೆ ಎಂದು ಬ್ರೌಸರಿಗೆ ಹೇಳುವ ಟ್ಯಾಗುಗಳು < > ಎಂಬ ಕೋನದ ಆವರಣಗಳೊಳಗೆ ತುಂಬಿರುತ್ತವೆ. ಅವನ್ನು ಕಿತ್ತುಹಾಕಲು ನಾನು ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸಿದ್ದೆ. ಇಂಥ ಮಾದರಿಯ ಅಕ್ಷರಗಳು ಕಂಡರೆ ಅಳಿಸು ಎಂದು ಕಂಪ್ಯೂಟರಿಗೆ ಒಂದೇ ಸಾಲಿನಲ್ಲಿ ಕೊಡುವ ಅಪ್ಪಣೆ ಅದು. ಆವರಣ ತೆರೆದಲ್ಲಿಂದ ಮುಚ್ಚುವವರೆಗೆ ಏನಿದ್ದರೂ ಅಳಿಸು ಎಂದಿದ್ದೆ. ಆ ಅಪ್ಪಣೆ ಒಂದು ಸಾಲನ್ನು ದಾಟಿ ಹೋಗುವುದಿಲ್ಲ. ಆ ಪುಟದಲ್ಲಿ ಟ್ಯಾಗು ಒಂದು ಸಾಲಿನಲ್ಲಿ, ಅಂಕಿ ಮುಂದಿನ ಸಾಲಿನಲ್ಲಿ ಇರುತ್ತಿದ್ದುದರಿಂದ ಒಂದೂವರೆ ತಿಂಗಳು ಸುಸೂತ್ರವಾಗಿ ನಡೆಯಿತು.

ಇನ್ನೊಂದು ಜಾಣತನವನ್ನೂ ಮಾಡಿದ್ದೆ. ನಮ್ಮ ಕಚೇರಿಯ ರಜಿಸ್ಟರುಗಳಲ್ಲಿ ಅಂಕಿ ಬದಲಾಗದಿದ್ದರೆ ಗುಮಾಸ್ತರು ಆ ಮನೆಯನ್ನು ಖಾಲಿ ಬಿಡುತ್ತಿದ್ದರು. ಖಾಲಿ ಎಂದರೆ ನಿನ್ನೆಯಂತೆಯೇ ಎಂಬುದು ಎಲ್ಲರಿಗೂ ಗೊತ್ತಿದ್ದ ರೂಢಿ. ನಾನೂ ಅದನ್ನೇ ಪ್ರೋಗ್ರಾಮಿಗೆ ಕಲಿಸಿದೆ: ಅಂಕಿ ಸಿಗದಿದ್ದರೆ ನಿನ್ನೆಯದನ್ನೇ ಹಾಕು. ಸಾಹೇಬರು ಶಭಾಸ್ ಅಂದಿದ್ದರು.

ಆಗಸ್ಟಿನ ಒಂದು ಬೆಳಿಗ್ಗೆ ಎಂಟಕ್ಕೆ ಎಂದಿನಂತೆ ಸಂದೇಶ ಹೋಯಿತು. ನಲವತ್ತು ಸಾವಿರ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ ನೀರು, ನಿನ್ನೆಯಷ್ಟೇ. ನಮ್ಮಲ್ಲಿ ಮಳೆಯೇ ಇರಲಿಲ್ಲ, ಸುಡುಬಿಸಿಲು. ಹತ್ತೂವರೆಗೆ ಸಾಹೇಬರಿಗೆ ತೋರಿಸಲೆಂದು ಆ ಪುಟವನ್ನೇ ತೆರೆದೆ. ಒಂದು ಲಕ್ಷದ ಇಪ್ಪತ್ತು ಸಾವಿರ ಎಂದು ಕೆಂಪಕ್ಷರದಲ್ಲಿ ಬರೆದಿತ್ತು.

ಅಪಾಯದ ಅಂಕಿ ಎಂದು ಅಲ್ಲಿ ಯಾರೋ ಅದಕ್ಕೆ ಕೆಂಪು ಬಣ್ಣ ಕೊಟ್ಟಿದ್ದರು. ಬಣ್ಣದ ಟ್ಯಾಗು, ಅಂಕಿ, ಮುಗಿಸುವ ಟ್ಯಾಗು ಮೂರೂ ಒಂದೇ ಸಾಲಿಗೆ ಬಂದಿದ್ದವು. ನನ್ನ ಅಪ್ಪಣೆ ಸಾಲಿನ ಮೊದಲ ಆವರಣದಿಂದ ಕೊನೆಯ ಆವರಣದವರೆಗೆ, ನಡುವಿನ ಅಂಕಿಯನ್ನೂ ಸೇರಿಸಿ ನುಂಗಿತ್ತು. ಇಂಥದ್ದಕ್ಕೆ ನಮ್ಮ ಕಸುಬಿನಲ್ಲಿ ಗ್ರೀಡಿ ಎನ್ನುತ್ತಾರೆ, ಹೊಟ್ಟೆಬಾಕ. ಖಾಲಿ ಉಳಿದ ಜಾಗದಲ್ಲಿ ನಿನ್ನೆಯ ಅಂಕಿ ಬಂದು ಕೂತಿತ್ತು. ಎಚ್ಚರಿಸಲೆಂದು ಹಚ್ಚಿದ ಬಣ್ಣದಿಂದಲೇ ಎಚ್ಚರಿಕೆ ಅಳಿಸಿಹೋಗಿತ್ತು.

ತಿದ್ದಿದ ಸಂದೇಶ ಕಳಿಸಿ, ಒಬ್ಬೊಬ್ಬರಿಗೂ ಫೋನ್ ಹಚ್ಚಿದೆ. ಹದಿಮೂರು ಜನ ಎತ್ತಿದರು. ಹದಿನಾಲ್ಕನೆಯವರು ಬ್ಯಾರೇಜಿನ ಕೆಳಗಿನ ಊರಿನ ಕಬ್ಬಿನ ರೈತ ಸಿದ್ದಪ್ಪ. ನಾಲ್ಕನೆಯ ಸಲಕ್ಕೆ ಅವರ ಹೆಂಡತಿ ಶಾಂತವ್ವ ಎತ್ತಿದರು.

“ಅವರು, ಅವರ ತಮ್ಮ ಹೊಳಿಗೆ ಹೋಗ್ಯಾರ್ರೀ ಅಕ್ಕಾರ. ಪಂಪಿನ ಬಾಯಿಗೆ ಕಸ ಸಿಕ್ಕೈತಿ, ತಗೀಬೇಕಂತ. ಫೋನ್ ನೀರಾಗ ಬಿದ್ದೀತಂತ ಮನ್ಯಾಗ ಇಟ್ಟಾರ. ನಿಮ್ಮ ಮೆಸೇಜ್ ನೋಡೇ ಹ್ವಾದ್ರು, ನೀರ ನಿನ್ನಿಯಷ್ಟ ಐತಿ ಅಂತ.”

“ಅದು ನನ್ನ ತಪ್ಪರೀ. ನೀರ ಮೂರ ಪಟ್ಟ ಬರಾಕತ್ತೈತಿ. ಓಡ್ರಿ.”

ಫೋನ್ ಕಟ್ ಮಾಡದೆಯೇ ಅವರು ಓಡಿದ್ದರು. ಆಮೇಲಿನ ಎರಡು ತಾಸು ನಾನು ಹೇಗೆ ಕಳೆದೆನೋ. ಮುಂದಿದ್ದ ಚಹಾ ಕೆನೆಗಟ್ಟಿತು. ಯಾರ ಫೋನ್ ಬಡಿದುಕೊಂಡರೂ ಎದ್ದು ನಿಲ್ಲುತ್ತಿದ್ದೆ. ಆ ಅಣ್ಣತಮ್ಮಂದಿರ ಮುಖವನ್ನೇ ನಾನು ಕಂಡಿರಲಿಲ್ಲ. ಅವರು ಎದೆಮಟ್ಟ ನೀರಿನಲ್ಲಿ ಬಗ್ಗಿ ನಿಂತದ್ದು ಮಾತ್ರ ಕಣ್ಣಿಗೆ ಕಟ್ಟುತ್ತಿತ್ತು. ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಒಂದು ಗಂಟೆಯ ಹೊತ್ತಿಗೆ ಸಿದ್ದಪ್ಪನವರೇ ಫೋನ್ ಮಾಡಿದರು. “ಮ್ಯಾಲ ಬಂದೇವ್ರೀ ಅಕ್ಕಾರ. ಮೋಟಾರ್ ಹೋತು.” ನಾನು ಎಲ್ಲರೆದುರಿಗೇ ಅತ್ತೆ.

ಮುಂದಿನ ವಾರ ಅವರ ಊರಿಗೆ ಹೋದೆ, ಬೈಗುಳ ತಿನ್ನಲು ತಯಾರಾಗಿಯೇ. ಶಾಂತವ್ವ ದಂಡೆಯಿಂದ ಕೂಗಿದಾಗ ತಮ್ಮನ ಕಾಲು ಆಗಲೇ ಸೆಳವಿಗೆ ಜಾರಿತ್ತಂತೆ. ಇಬ್ಬರೂ ಪಂಪಿನ ಪೈಪು ಹಿಡಿದು ಮೇಲೆ ಬಂದರಂತೆ. ಇಷ್ಟು ಹೇಳಿ, ಚಹಾ ಕೊಟ್ಟು, ಸಿದ್ದಪ್ಪ ನಿಧಾನಕ್ಕೆ ಅಂದರು: “ಮೊದಲ ನೀರಿಗೆ ಇಳಿಯೂ ಮುಂದ ದಂಡಿ ಮ್ಯಾಲ ನಿಂತು ಹೊಳಿ ನೋಡತಿದ್ವಿ. ನಿಮ್ಮ ಮೆಸೇಜ್ ಬರಾಕತ್ತಿದಾಗಿಂದ ನೋಡೂದ ಬಿಟ್ಟೇವಿ. ನಿಮಗ ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಕಳಸ್ರಿ. ನಾವ ನೋಡ್ಕೋತೀವಿ.”

ಹೊಟ್ಟೆಬಾಕ ಅಪ್ಪಣೆ ತಿದ್ದಲು ಒಂದು ಪ್ರಶ್ನಾರ್ಥಕ ಚಿಹ್ನೆ ಸೇರಿಸಿದರೆ ಸಾಕಾಗಿತ್ತು. ಆಗ ಅದು ಮೊದಲು ಸಿಕ್ಕ ಮುಚ್ಚುವ ಆವರಣಕ್ಕೇ ನಿಲ್ಲುತ್ತದೆ. ಕಷ್ಟವಾದದ್ದು ಖಾಲಿ ಎಂದರೆ ನಿನ್ನೆಯಂತೆಯೇ ಎಂಬ ರೂಢಿಯನ್ನು ಕಿತ್ತುಹಾಕುವುದು. ಸರಕಾರಿ ಸಂದೇಶದಲ್ಲಿ ಗೊತ್ತಿಲ್ಲ ಎಂದು ಬರೆಯಲು ಬರುತ್ತದೇನು ಎಂದು ಸಾಹೇಬರು ಮೂರು ದಿನ ತಕರಾರು ತೆಗೆದರು. ಹಾಗಾದರೆ ಈ ಕೆಲಸ ಬೇರೆಯವರಿಗೆ ಕೊಡಿ ಎಂದೆ. ಆಮೇಲೆ ಸಹಿ ಹಾಕಿದರು.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಪುಟ ತೆರೆಯಲೇ ಇಲ್ಲ. “ಇಂದಿನ ಅಂಕಿ ಗೊತ್ತಿಲ್ಲ, ಹೊಳೆ ನೋಡಿ ಇಳಿಯಿರಿ” ಎಂದು ಹದಿನಾಲ್ಕು ಊರಿಗೂ ಹೋಯಿತು. ತಿಳಿಯದ್ದನ್ನು ತಿಳಿಯದು ಎನ್ನಲು ಇಷ್ಟು ದೊಡ್ಡ ಪಾಠ ಬೇಕಾಯಿತಲ್ಲ ಎಂದುಕೊಳ್ಳುತ್ತಿದ್ದೆ. ಅರ್ಧ ತಾಸಿಗೆ ಸಿದ್ದಪ್ಪನವರ ಫೋನ್ ಬಂತು.

“ದಂಡಿ ಮ್ಯಾಲ ನಿಂತೇನ್ರೀ ಅಕ್ಕಾರ. ನಿನ್ನಿಗಿಂತ ಒಂದ ಮೊಳ ಏರೈತಿ. ಉಳದ ಊರಿಗೂ ತಿಳಸ್ರಿ.”